ಚಿಕ್ಕ ವ್ಯತ್ಯಾಸದ ದೊಡ್ಡ ಗುಟ್ಟು: ಆಲ್‌ಫ್ರೆಡ್ ರಸೆಲ್ ವ್ಯಾಲೇಸ್

ಮಕ್ಕಳೇ, ಒಂದು ಹಿಡಿ ಅವರೆಕಾಳನ್ನು ನೆಲದ ಮೇಲೆ ಹರಡಿ ನೋಡಿ. ದೂರದಿಂದ ಎಲ್ಲವೂ ಒಂದೇ ತೆರನಾಗಿ ಕಾಣುತ್ತವೆ. ಹತ್ತಿರ ಹೋಗಿ ನೋಡಿದರೆ ಒಂದು ಕೊಂಚ ದಪ್ಪ, ಇನ್ನೊಂದು ಚಪ್ಪಟೆ. ಒಂದರ ಬಣ್ಣ ತಿಳಿ, ಮತ್ತೊಂದರದು ಗಾಢ. ಒಂದೇ ಆಡು ಹಾಕಿದ ಎರಡು ಮರಿಗಳೂ ಹೀಗೆಯೇ. ಒಂದು ಚುರುಕು, ಒಂದು ಮಂದ. ಒಂದರ ಕಿವಿ ಉದ್ದ, ಇನ್ನೊಂದರದು ಗಿಡ್ಡ. ನಾವು ಇಂಥ ವ್ಯತ್ಯಾಸಗಳನ್ನು ದಿನವೂ ನೋಡುತ್ತೇವೆ, ನೋಡಿ ಮರೆತುಬಿಡುತ್ತೇವೆ.

ಆದರೆ ಭೂಮಿಯ ಮೇಲೆ ಇಷ್ಟೊಂದು ಬಗೆಯ ಜೀವಿಗಳು ಹೇಗೆ ಬಂದವು ಎಂಬ ಪ್ರಶ್ನೆಗೆ ಉತ್ತರ ಈ ಚಿಕ್ಕ ವ್ಯತ್ಯಾಸಗಳಲ್ಲೇ ಅಡಗಿತ್ತು. ಆ ಉತ್ತರವನ್ನು ಸುಮಾರು ನೂರ ಎಪ್ಪತ್ತು ವರ್ಷಗಳ ಹಿಂದೆ ಇಬ್ಬರು ಜಗತ್ತಿನ ಮುಂದಿಟ್ಟರು. ಒಬ್ಬ ಚಾರ್ಲ್ಸ್ ಡಾರ್ವಿನ್. ಅವನ ಹೆಸರನ್ನು ನಿಮ್ಮಲ್ಲಿ ಹಲವರು ಕೇಳಿರುತ್ತೀರಿ. ಇನ್ನೊಬ್ಬ ಆಲ್‌ಫ್ರೆಡ್ ರಸೆಲ್ ವ್ಯಾಲೇಸ್. ಹಣವಿಲ್ಲದೆ ಹದಿನಾಲ್ಕನೆಯ ವಯಸ್ಸಿಗೇ ಶಾಲೆ ಬಿಟ್ಟ ಹುಡುಗ ಇವನು. ಅವನ ಕಥೆ ಕೇಳೋಣ ಬನ್ನಿ.

ಶಾಲೆ ಬಿಟ್ಟ ಹುಡುಗ

ವ್ಯಾಲೇಸ್ ಹುಟ್ಟಿದ್ದು 1823ರ ಜನವರಿ 8ರಂದು, ಬ್ರಿಟನ್ನಿನ ವೇಲ್ಸ್ ಪ್ರಾಂತದ ಅಸ್ಕ್ ಎಂಬ ಊರಿನ ಬಳಿ. ತಂದೆತಾಯಿಗೆ ಒಂಬತ್ತು ಮಕ್ಕಳು. ಅವರಲ್ಲಿ ಇವನು ಎಂಟನೆಯವನು. ತಂದೆ ಕಾನೂನು ಓದಿದ್ದರೂ ವಕೀಲಿ ಮಾಡಲಿಲ್ಲ. ಕೈಯಲ್ಲಿದ್ದ ಹಣವನ್ನು ನಷ್ಟದ ವ್ಯವಹಾರಗಳಲ್ಲಿ ತೊಡಗಿಸಿ ಕಳೆದುಕೊಂಡ. ಮನೆ ಬದಲಾಯಿಸಿದಂತೆಲ್ಲ ಬಡತನ ಹೆಚ್ಚಿತು. ಒಂದು ಅನುಕೂಲವಿತ್ತು. ತಂದೆ ಕೆಲಕಾಲ ಗ್ರಂಥಾಲಯವೊಂದರಲ್ಲಿ ಕೆಲಸ ಮಾಡಿದ್ದರಿಂದ ಮಗನಿಗೆ ಓದಲು ಪುಸ್ತಕಗಳು ಸಿಕ್ಕವು.

ಹರ್ಟ್‌ಫರ್ಡ್ ಎಂಬ ಊರಿನ ಶಾಲೆಯಲ್ಲಿ ಅವನ ಓದು ನಡೆಯಿತು. ಕೊನೆಯ ದಿನಗಳಲ್ಲಿ ಶುಲ್ಕ ಕೊಡುವುದೂ ಕಷ್ಟವಾಯಿತು. ಅದಕ್ಕೆ ಬದಲಾಗಿ ಚಿಕ್ಕ ಮಕ್ಕಳಿಗೆ ಪಾಠ ಹೇಳಿಕೊಡಬೇಕಾಯಿತು. ಗೆಳೆಯರೆಲ್ಲ ವಿದ್ಯಾರ್ಥಿಗಳಾಗಿರುವಾಗ ತಾನೊಬ್ಬ ಮಾತ್ರ ಅರ್ಧ ವಿದ್ಯಾರ್ಥಿ, ಅರ್ಧ ಮೇಷ್ಟ್ರು! ನಾಚಿಕೆ ಸ್ವಭಾವದ ಹುಡುಗನಿಗೆ ಇದು ಬಹಳ ಮುಜುಗರ ತಂದಿತು. ಹದಿನಾಲ್ಕು ತುಂಬುವ ಹೊತ್ತಿಗೆ ಅದೂ ನಿಂತಿತು.

ಆಮೇಲೆ ಅವನು ದೊಡ್ಡಣ್ಣ ವಿಲಿಯಂ ಜೊತೆ ಜಮೀನು ಅಳತೆಯ ಕೆಲಸಕ್ಕೆ ಸೇರಿದ. ಸರಪಣಿ ಹಿಡಿದು ಹೊಲ, ಗುಡ್ಡ, ಹಳ್ಳ ಅಳೆಯುವುದು. ದಿನವಿಡೀ ಬಯಲಿನಲ್ಲಿ ನಡೆದಾಟ. ಕಾಲಬಳಿ ನೂರಾರು ಬಗೆಯ ಗಿಡಗಳು. ಇವುಗಳ ಹೆಸರೇನು ಎಂಬ ಕುತೂಹಲ ಹುಟ್ಟಿತು. ಕಡಿಮೆ ಬೆಲೆಯ ಸಸ್ಯಶಾಸ್ತ್ರದ ಪುಸ್ತಕವೊಂದನ್ನು ಕೊಂಡ. ಬಿಡುವಿನ ವೇಳೆಯಲ್ಲಿ ಗಿಡಗಳನ್ನು ಆರಿಸಿ ತಂದು, ಒಣಗಿಸಿ, ಪುಸ್ತಕದೊಂದಿಗೆ ಹೋಲಿಸತೊಡಗಿದ. ಹೀಗೆ ಶಾಲೆ ಬಿಟ್ಟ ಹುಡುಗನಿಗೆ ಬಯಲೇ ಶಾಲೆಯಾಯಿತು.

ಒಂದು ಸಾವಿರ ಬಗೆಯ ದುಂಬಿಗಳು

ಅಳತೆಯ ಕೆಲಸ ಕಡಿಮೆಯಾದಾಗ, 1844ರಲ್ಲಿ, ವ್ಯಾಲೇಸ್ ಲೆಸ್ಟರ್ ಎಂಬ ಊರಿನಲ್ಲಿ ಉಪಾಧ್ಯಾಯನಾದ. ಅಲ್ಲಿ ಅವನಿಗೆ ಹೆನ್ರಿ ಬೇಟ್ಸ್ ಎಂಬ ಗೆಳೆಯ ಸಿಕ್ಕಿದ. ಬೇಟ್ಸ್‌ಗೆ ದುಂಬಿಗಳ ಹುಚ್ಚು. ಆ ಊರಿನ ಸುತ್ತ ಹತ್ತು ಮೈಲಿಯೊಳಗೇ ಸುಮಾರು ಒಂದು ಸಾವಿರ ಬಗೆಯ ದುಂಬಿಗಳು ಸಿಗಬಹುದು ಎಂದು ಅವನಿಂದ ತಿಳಿದಾಗ ವ್ಯಾಲೇಸ್‌ಗೆ ನಂಬಲಾಗಲಿಲ್ಲ. ತಾನೂ ಬಲೆ, ಡಬ್ಬಿ ಹಿಡಿದು ಹೊರಟ.

ಸಂಗ್ರಹ ಬೆಳೆದಂತೆ ಒಂದು ಪ್ರಶ್ನೆ ಅವನನ್ನು ಕಾಡಿತು. ದುಂಬಿಗಳಲ್ಲೇ ಇಷ್ಟೊಂದು ಬಗೆ ಏಕೆ? ಪ್ರತಿಯೊಂದು ಬಗೆಯೂ ಮೊದಲಿನಿಂದ ಹೀಗೆಯೇ ಇತ್ತೇ? ಅಥವಾ ಒಂದು ಇನ್ನೊಂದರಿಂದ ಬಂದಿತೇ? ಒಂದೇ ಬಗೆಯ ಜೀವಿಗಳ ಗುಂಪನ್ನು ವಿಜ್ಞಾನಿಗಳು ಪ್ರಭೇದ ಎನ್ನುತ್ತಾರೆ. ಪ್ರಭೇದಗಳು ಎಂದಿಗೂ ಬದಲಾಗುವುದಿಲ್ಲ ಎಂದೇ ಆಗಿನ ಹೆಚ್ಚಿನ ವಿದ್ವಾಂಸರು ನಂಬಿದ್ದರು. ಬದಲಾಗುತ್ತವೆ ಎಂದು ಹೇಳಿದ ಕೆಲವರೂ ಇದ್ದರು. ಆದರೆ ಹೇಗೆ ಬದಲಾಗುತ್ತವೆ ಎಂಬುದನ್ನು ಅವರು ಸರಿಯಾಗಿ ವಿವರಿಸಿರಲಿಲ್ಲ.

ಉತ್ತರ ಬೇಕಾದರೆ ಜೀವಿಗಳು ತುಂಬಿ ತುಳುಕುವ ಕಾಡಿಗೆ ಹೋಗಬೇಕು. ಹೋಗಲು ಹಣ? ಗೆಳೆಯರು ಒಂದು ದಾರಿ ಕಂಡುಕೊಂಡರು. ಆಗ ಇಂಗ್ಲೆಂಡಿನ ವಸ್ತುಸಂಗ್ರಹಾಲಯಗಳೂ ಶ್ರೀಮಂತರೂ ದೂರದೇಶದ ಚಿಟ್ಟೆ, ಹಕ್ಕಿ, ದುಂಬಿಗಳನ್ನು ಹಣ ಕೊಟ್ಟು ಕೊಳ್ಳುತ್ತಿದ್ದರು. ಹಿಡಿದದ್ದನ್ನು ಮಾರಿ ಬದುಕುವುದು, ಬದುಕುತ್ತಲೇ ಉತ್ತರ ಹುಡುಕುವುದು ಎಂದು ನಿಶ್ಚಯಿಸಿದರು. 1848ರಲ್ಲಿ ಇಬ್ಬರೂ ದಕ್ಷಿಣ ಅಮೆರಿಕದ ಬ್ರೆಜಿಲ್‌ಗೆ ಹಡಗು ಹತ್ತಿದರು. ವ್ಯಾಲೇಸ್‌ಗೆ ಆಗ 25 ವರ್ಷ.

ಬೆಂಕಿಗೆ ಆಹುತಿಯಾದ ನಾಲ್ಕು ವರ್ಷ

ಅಮೆಜಾನ್ ನದಿಯ ಕಾಡುಗಳಲ್ಲಿ ವ್ಯಾಲೇಸ್ ನಾಲ್ಕು ವರ್ಷ ಕಳೆದ. ಅವನಿಗೆ ನೆರವಾಗಲು ಬಂದ ತಮ್ಮ ಹರ್ಬರ್ಟ್ 1851ರಲ್ಲಿ ಹಳದಿ ಜ್ವರದಿಂದ ತೀರಿಕೊಂಡ. ವ್ಯಾಲೇಸ್ ಕೂಡ ಜ್ವರದಿಂದ ನರಳಿದ. ಆದರೂ ಯಾವ ಐರೋಪ್ಯ ಸಂಗ್ರಾಹಕನೂ ನೋಡಿರದ ಕಡೆಗಳಿಗೆ ದೋಣಿಯಲ್ಲಿ ಹೋಗಿ ಹಕ್ಕಿ, ಕೀಟ, ಮೀನುಗಳನ್ನು ಸಂಗ್ರಹಿಸಿದ.

1852ರ ಜುಲೈನಲ್ಲಿ ಅವನು ಊರಿಗೆ ಹೊರಟ. ಹೊರಟು ಮೂರು ವಾರಗಳಾಗಿದ್ದವು. ಆಗಸ್ಟ್ 6ರಂದು ನಡುಸಮುದ್ರದಲ್ಲಿ ಹಡಗಿಗೆ ಬೆಂಕಿ ಬಿತ್ತು. ಹೊಗೆ ತುಂಬಿದ ಕೋಣೆಗೆ ನುಗ್ಗಿ ವ್ಯಾಲೇಸ್ ಒಂದು ಸಣ್ಣ ತಗಡಿನ ಪೆಟ್ಟಿಗೆಯನ್ನಷ್ಟೇ ಎತ್ತಿಕೊಂಡ. ಅದರಲ್ಲಿ ಮೀನು ಮತ್ತು ತಾಳೆಜಾತಿಯ ಮರಗಳ ಚಿತ್ರಗಳಿದ್ದವು. ಅವನು ಜೊತೆಯಲ್ಲಿ ತಂದ ಉಳಿದ ಸಂಗ್ರಹ, ದಿನಚರಿ, ಟಿಪ್ಪಣಿಗಳಲ್ಲಿ ಬಹುಪಾಲು ಸುಟ್ಟುಹೋದವು. ಸಾಕಿ ತಂದಿದ್ದ ಗಿಳಿ, ಮಂಗಗಳೂ ಉಳಿಯಲಿಲ್ಲ. ನೀರಿಗೆ ಬಿದ್ದ ಒಂದು ಗಿಳಿಯನ್ನು ಮಾತ್ರ ಎತ್ತಿಕೊಳ್ಳಲಾಯಿತು. ಸೋರುವ ದೋಣಿಗಳಲ್ಲಿ, ಬಿಸಿಲಿಗೆ ಮೈಯೊಡ್ಡಿ, ನೀರು ಮೊಗೆದು ಹೊರಗೆ ಚೆಲ್ಲುತ್ತ ಹತ್ತು ದಿನ ತೇಲಿದ ಮೇಲೆ ಬೇರೊಂದು ಹಡಗು ಅವರನ್ನು ಕಾಪಾಡಿತು.

ನಿಮ್ಮ ನಾಲ್ಕು ವರ್ಷದ ದುಡಿಮೆ ಒಂದೇ ದಿನ ಬೂದಿಯಾದರೆ ನೀವೇನು ಮಾಡುವಿರಿ? ಇನ್ನು ಸಮುದ್ರದ ಕಡೆಗೆ ತಲೆಯಿಟ್ಟೂ ಮಲಗುವುದಿಲ್ಲ ಎಂದು ವ್ಯಾಲೇಸ್‌ಗೂ ಮೊದಲು ಅನ್ನಿಸಿತು. ಲಂಡನ್ನಿನಲ್ಲಿ ಅವನ ವಸ್ತುಗಳನ್ನು ಮಾರಿಕೊಡುತ್ತಿದ್ದ ಸ್ಟೀವನ್ಸ್ ಎಂಬಾತ ಮುಂದಾಲೋಚನೆಯಿಂದ 200 ಪೌಂಡುಗಳ ವಿಮೆ ಮಾಡಿಸಿದ್ದ. ಆ ಹಣದಿಂದ ವ್ಯಾಲೇಸ್ ಉಸಿರಾಡುವಂತಾಯಿತು. ಉಳಿದಿದ್ದ ಚಿತ್ರಗಳು ಮತ್ತು ನೆನಪಿನ ಬಲದಿಂದ 1853ರಲ್ಲಿ ಎರಡು ಪುಸ್ತಕ ಹೊರತಂದ.

ಇನ್ನೊಂದು ಮುಖ್ಯ ಸಂಗತಿಯನ್ನೂ ಅವನು ಬರೆದ. ಅಮೆಜಾನ್ ಮತ್ತು ಅದರ ದೊಡ್ಡ ಉಪನದಿಗಳ ಒಂದು ದಡದಲ್ಲಿರುವ ಕೆಲವು ಮಂಗಗಳು ಎದುರು ದಡದಲ್ಲಿ ಇರುವುದಿಲ್ಲ. ಅಲ್ಲಿ ಅವುಗಳನ್ನು ಹೋಲುವ ಬೇರೆ ಪ್ರಭೇದದ ಮಂಗಗಳಿರುತ್ತವೆ. ಆದ್ದರಿಂದ ಒಂದು ಪ್ರಾಣಿಯನ್ನು ಅಮೆಜಾನಿನಲ್ಲಿ ಹಿಡಿದೆ ಎಂದು ಬರೆದರೆ ಸಾಲದು. ಯಾವ ನದಿ, ಯಾವ ದಡ ಎಂದೂ ಬರೆಯಬೇಕು. ಅಳತೆಯ ಕೆಲಸದಲ್ಲಿ ಕಲಿತ ಕಟ್ಟುನಿಟ್ಟು ಇಲ್ಲಿ ಕೈಹಿಡಿಯಿತು.

ಮತ್ತೆ ಹೊರಟ

1854ರಲ್ಲಿ ಅವನು ಮತ್ತೆ ಹಡಗು ಹತ್ತಿದ! ಈ ಬಾರಿ ಪೂರ್ವಕ್ಕೆ, ಇಂದಿನ ಸಿಂಗಪುರ, ಮಲೇಷ್ಯಾ, ಇಂಡೋನೇಷ್ಯಾ ದೇಶಗಳಿರುವ ದ್ವೀಪಗಳ ಕಡೆಗೆ. ಎಂಟು ವರ್ಷ ದ್ವೀಪದಿಂದ ದ್ವೀಪಕ್ಕೆ ಅಲೆದ. ಸುತ್ತಿದ ದೂರ ಸುಮಾರು 22,500 ಕಿಲೋಮೀಟರ್. ಸಂಗ್ರಹಿಸಿದ ಮಾದರಿಗಳು 1,25,660. ಇವುಗಳಲ್ಲಿ ದುಂಬಿಗಳೇ 83,200!

ಇದೆಲ್ಲ ಅವನೊಬ್ಬನ ಕೆಲಸವಲ್ಲ. ಸ್ಥಳೀಯ ಜನ ದೋಣಿ ನಡೆಸಿದರು, ದಾರಿ ತೋರಿಸಿದರು, ಕೀಟ ಹಿಡಿದು ತಂದರು. ಅವರಲ್ಲಿ ಮುಖ್ಯನಾದವನು ಅಲಿ ಎಂಬ ಮಲಯ ಯುವಕ. ಅಡುಗೆಯವನಾಗಿ ಸೇರಿದ ಅಲಿ ಹಕ್ಕಿಗಳನ್ನು ಗುರುತಿಸುವುದರಲ್ಲಿ ಪಳಗಿದ. ಹೆಗಲಿನಿಂದ ಉದ್ದನೆಯ ಬಿಳಿ ಗರಿಗಳು ಹೊರಟ ವಿಚಿತ್ರ ಸ್ವರ್ಗಪಕ್ಷಿಯೊಂದನ್ನು 1858ರಲ್ಲಿ ತಂದುಕೊಟ್ಟವನು ಅವನೇ. ಆ ಹಕ್ಕಿಗೆ ಈಗ ವ್ಯಾಲೇಸ್ ಹೆಸರಿದೆ. ಎಷ್ಟೋ ವರ್ಷಗಳ ಬಳಿಕ, 1907ರಲ್ಲಿ, ಆ ದ್ವೀಪಗಳಿಗೆ ಹೋದ ಅಮೆರಿಕದ ವಿಜ್ಞಾನಿಯೊಬ್ಬರಿಗೆ ಮುದುಕನೊಬ್ಬ ಎದುರಾದ. ತನ್ನ ಹೆಸರು ಅಲಿ ವ್ಯಾಲೇಸ್ ಎಂದು ಹೇಳಿಕೊಂಡ.

ಇಲ್ಲಿ ಒಂದು ಮಾತು. ಆಗ ಪ್ರಾಣಿಗಳನ್ನು ಕೊಂದೇ ಸಂಗ್ರಹಿಸುತ್ತಿದ್ದರು. ಇಂದು ಹಾಗೆ ಮಾಡಬೇಕಿಲ್ಲ, ಮಾಡಲೂಬಾರದು. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಕಾಡುಪ್ರಾಣಿಗಳಿಗೂ ಹಲವು ಚಿಟ್ಟೆಗಳಿಗೂ ರಕ್ಷಣೆ ಕೊಟ್ಟಿದೆ. ನೋಡಿ ಬರೆದುಕೊಳ್ಳುವುದು, ಚಿತ್ರ ಬಿಡಿಸುವುದು ನಮ್ಮ ದಾರಿ.

1856ರಲ್ಲಿ ವ್ಯಾಲೇಸ್ ಬಾಲಿ ದ್ವೀಪದಿಂದ ಲಾಂಬೋಕ್ ದ್ವೀಪಕ್ಕೆ ದಾಟಿದ. ನಡುವೆ ಇರುವುದು ಕಿರಿದಾದ ಜಲಸಂಧಿ. ಒಂದೇ ಹವೆ, ಒಂದೇ ಬಗೆಯ ಮಣ್ಣು. ಆದರೆ ಹಕ್ಕಿಗಳೇ ಬೇರೆ! ಬಾಲಿಯಲ್ಲಿ ಕಂಡ ಕುಟ್ರ ಹಕ್ಕಿಗಳು ಇಲ್ಲಿಲ್ಲ. ಇಲ್ಲಿ ಆಸ್ಟ್ರೇಲಿಯಾ ಕಡೆಯ ಬಿಳಿ ಕಾಕಟೂ ಗಿಳಿಗಳು. ಮಣ್ಣು ಎಲೆ ಗುಡ್ಡೆಹಾಕಿ ಅದರೊಳಗೆ ಮೊಟ್ಟೆ ಇಡುವ ಹಕ್ಕಿಗಳು. ಏಷ್ಯಾದ ಪ್ರಾಣಿಗಳ ಲೋಕ ಇಲ್ಲಿಗೆ ಮುಗಿದು ಬೇರೊಂದು ಲೋಕ ತೊಡಗುತ್ತಿತ್ತು. ಈ ಗಡಿಯನ್ನು ಇಂದಿಗೂ ವ್ಯಾಲೇಸ್ ರೇಖೆ ಎಂದು ಕರೆಯುತ್ತಾರೆ. ಕಾರಣವೂ ಈಗ ತಿಳಿದಿದೆ. ಹಿಮಯುಗದಲ್ಲಿ ಕಡಲಿನ ಮಟ್ಟ ನೂರು ಮೀಟರಿಗಿಂತ ಹೆಚ್ಚು ಇಳಿದಾಗ ಬಾಲಿಯು ಏಷ್ಯಾದ ನೆಲದೊಂದಿಗೆ ಸೇರಿಕೊಂಡಿತ್ತು. ಈ ಜಲಸಂಧಿ ಮಾತ್ರ ಬಹಳ ಆಳ. ಅದು ಬತ್ತಲೇ ಇಲ್ಲ. ಆಚೆ ದಡದ ಜೀವಿಗಳು ಆಚೆ, ಈಚೆಯವು ಈಚೆ ಉಳಿದು ಬೇರೆ ಬೇರೆಯಾಗಿಯೇ ಬೆಳೆದವು.

ಮಾರಾಟದ ಮಾದರಿಗಳು ಕಲಿಸಿದ ಪಾಠ

ವ್ಯಾಲೇಸ್ ಹೊಟ್ಟೆಪಾಡಿಗಾಗಿ ಸಂಗ್ರಹಿಸುತ್ತಿದ್ದನಲ್ಲವೇ? ಆದ್ದರಿಂದ ಒಂದೇ ಬಗೆಯ ಚಿಟ್ಟೆಯನ್ನು ಒಂದು ಹಿಡಿದು ಬಿಡುತ್ತಿರಲಿಲ್ಲ. ತನಗೆ ಕೆಲವು, ಮಾರಲು ಹಲವು. ಸಂಜೆ ಅವುಗಳನ್ನು ಸಾಲಾಗಿ ಜೋಡಿಸಿದಾಗ ಕಣ್ಣಿಗೆ ಬೀಳುತ್ತಿತ್ತು: ಒಂದರಂತೆ ಇನ್ನೊಂದಿಲ್ಲ. ಒಂದರ ರೆಕ್ಕೆ ತುಸು ಉದ್ದ, ಒಂದರ ಚುಕ್ಕೆ ತುಸು ದೊಡ್ಡದು. ಬೇರೆಯವರಿಗೆ ಇಂಥ ವ್ಯತ್ಯಾಸ ಲೆಕ್ಕಕ್ಕಿಲ್ಲದ್ದು. ಅವನಿಗೆ ಅದೇ ಲೆಕ್ಕಕ್ಕೆ ಬಂತು.

1858ರ ಫೆಬ್ರವರಿ. ಟರ್ನೇಟ್ ಎಂಬ ಪುಟ್ಟ ದ್ವೀಪವನ್ನು ನೆಲೆಯಾಗಿ ಮಾಡಿಕೊಂಡಿದ್ದ ದಿನಗಳು. ವ್ಯಾಲೇಸ್‌ಗೆ ಚಳಿಜ್ವರ. ಹೊರಗೆ ಸುಡುವ ಸೆಕೆ, ಮೈಮೇಲೆ ಕಂಬಳಿ. ಮಲಗಿದಲ್ಲೇ ಯೋಚನೆ. ಹಿಂದೆ ಓದಿದ್ದ ಮಾಲ್ಥಸ್ ಎಂಬ ಅರ್ಥಶಾಸ್ತ್ರಜ್ಞನ ಪುಸ್ತಕ ನೆನಪಿಗೆ ಬಂತು. ಜನಸಂಖ್ಯೆ ಬೇಗ ಬೆಳೆಯುತ್ತದೆ, ಆಹಾರ ಅಷ್ಟು ಬೇಗ ಬೆಳೆಯುವುದಿಲ್ಲ, ರೋಗ ಬರಗಾಲಗಳು ಸಂಖ್ಯೆಯನ್ನು ತಡೆಯುತ್ತವೆ ಎಂಬುದು ಅದರ ಸಾರ. ಪ್ರಾಣಿಗಳು ಇನ್ನೂ ಬೇಗ ಹೆಚ್ಚುತ್ತವೆ. ಹಾಗಿದ್ದರೆ ಸಾಯುವವು ಎಷ್ಟೋ! ಯಾವುದು ಸಾಯುತ್ತದೆ, ಯಾವುದು ಉಳಿಯುತ್ತದೆ? ಅವನು ಸಾಲಾಗಿ ಜೋಡಿಸಿ ನೋಡಿದ್ದ ಆ ಚಿಕ್ಕ ವ್ಯತ್ಯಾಸಗಳೇ ಇದನ್ನು ತೀರ್ಮಾನಿಸುತ್ತವೆ! ಜ್ವರ ಇಳಿದ ಮೇಲೆ ಎದ್ದು ಕುಳಿತು ಕೆಲವೇ ದಿನಗಳಲ್ಲಿ ಲೇಖನ ಬರೆದು ಮುಗಿಸಿದ.

ನೈಸರ್ಗಿಕ ಆಯ್ಕೆ ಎಂದರೇನು?

ಅವನು ಕಂಡದ್ದನ್ನು ನಾವು ನಾಲ್ಕು ಹೆಜ್ಜೆಗಳಲ್ಲಿ ತಿಳಿಯೋಣ.

ಒಂದು: ಒಂದೇ ಪ್ರಭೇದದ ಜೀವಿಗಳಲ್ಲಿ ವ್ಯತ್ಯಾಸಗಳಿರುತ್ತವೆ.

ಎರಡು: ಇವುಗಳಲ್ಲಿ ಹಲವು ತಂದೆತಾಯಿಗಳಿಂದ ಮರಿಗಳಿಗೆ ಬರುತ್ತವೆ.

ಮೂರು: ಉಳಿಯಬಲ್ಲದ್ದಕ್ಕಿಂತ ಹೆಚ್ಚು ಮರಿಗಳು ಹುಟ್ಟುತ್ತವೆ. ಲೆಕ್ಕ ಹಾಕಿ ನೋಡಿ. ಒಂದು ಜೋಡಿ ಹಕ್ಕಿ ವರ್ಷಕ್ಕೆ ನಾಲ್ಕು ಮರಿ ಮಾಡುತ್ತದೆ ಎನ್ನಿ. ಯಾವುದೂ ಸಾಯುವುದಿಲ್ಲ, ಮರಿಗಳೂ ಮರುವರ್ಷ ಜೋಡಿಯಾಗಿ ಮರಿ ಮಾಡುತ್ತವೆ ಎಂದಿಟ್ಟುಕೊಳ್ಳಿ. ಎರಡು ಇದ್ದದ್ದು ಮುಂದಿನ ವರ್ಷ 6, ಆಮೇಲೆ 18, ಆಮೇಲೆ 54. ಹತ್ತು ವರ್ಷಕ್ಕೆ 1,18,098! ಆದರೆ ಊರಿನಲ್ಲಿ ಹಕ್ಕಿಗಳು ಹೀಗೆ ತುಂಬಿಹೋಗಿಲ್ಲ. ಏಕೆಂದರೆ ಹೆಚ್ಚಿನವು ಹಸಿವು, ರೋಗ, ಶತ್ರುಗಳಿಂದ ಸಾಯುತ್ತವೆ.

ನಾಲ್ಕು: ಆ ಜಾಗಕ್ಕೆ ಹೊಂದುವ ವ್ಯತ್ಯಾಸ ಉಳ್ಳವು ಉಳಿದು ಮರಿ ಮಾಡುವ ಸಂಭವ ಹೆಚ್ಚು. ಹಸಿರು ಹುಲ್ಲಿನಲ್ಲಿ ಹಸಿರು ಮಿಡತೆ ಹಕ್ಕಿಯ ಕಣ್ಣಿಗೆ ಬೀಳುವುದು ಕಡಿಮೆ. ಕಂದು ಮಿಡತೆ ಬೇಗ ಸಿಕ್ಕಿಬೀಳುತ್ತದೆ. ಉಳಿದ ಹಸಿರು ಮಿಡತೆಗಳ ಮರಿಗಳಲ್ಲಿ ಹಸಿರಿನವೇ ಹೆಚ್ಚು. ಹೀಗೆ ತಲೆಮಾರಿನಿಂದ ತಲೆಮಾರಿಗೆ ಗುಂಪು ಬದಲಾಗುತ್ತ ಹೋಗುತ್ತದೆ.

ಬಿತ್ತನೆಗೆ ಒಳ್ಳೆಯ ತೆನೆಯನ್ನು ರೈತ ಆರಿಸುತ್ತಾನೆ. ಇಲ್ಲಿ ಆರಿಸುವ ಕೈ ಯಾವುದೂ ಇಲ್ಲ. ಬದುಕುವ ಕಷ್ಟವೇ ಆರಿಸುತ್ತದೆ. ಡಾರ್ವಿನ್ ಇದಕ್ಕೆ ನೈಸರ್ಗಿಕ ಆಯ್ಕೆ ಎಂದು ಹೆಸರಿಟ್ಟ. ಒಂದೇ ಪ್ರಭೇದದ ಎರಡು ಗುಂಪುಗಳ ನಡುವೆ ನದಿಯೋ ಸಮುದ್ರವೋ ಅಡ್ಡವಾದರೆ, ಸಾವಿರಾರು ತಲೆಮಾರು ಕಳೆಯುವಷ್ಟರಲ್ಲಿ ಅವು ಎರಡು ಬೇರೆ ಪ್ರಭೇದಗಳೇ ಆಗಿಬಿಡಬಹುದು. ಅಮೆಜಾನಿನ ಮಂಗಗಳನ್ನು ನೆನಪಿಸಿಕೊಳ್ಳಿ.

ಇಲ್ಲಿ ಎರಡು ತಪ್ಪು ತಿಳಿವಳಿಕೆ ಸಾಮಾನ್ಯ. ಮೊದಲನೆಯದು, ಜಿರಾಫೆ ಎತ್ತರದ ಎಲೆಗಾಗಿ ಕತ್ತು ಚಾಚಿ ಚಾಚಿ ಉದ್ದವಾಯಿತು ಎಂಬುದು. ಹಾಗಲ್ಲ. ಹುಟ್ಟಿನಿಂದಲೇ ಕತ್ತು ಕೊಂಚ ಉದ್ದವಿದ್ದವು ಬರಗಾಲದಲ್ಲೂ ಮೇಲಿನ ಎಲೆ ತಿಂದು ಉಳಿದವು ಎಂಬುದು ವ್ಯಾಲೇಸ್ ಕೊಟ್ಟ ವಿವರಣೆ. ಬದುಕಿನಲ್ಲಿ ಮೈಗೆ ಆದ ಬದಲಾವಣೆ ಮಕ್ಕಳಿಗೆ ಬರುವುದಿಲ್ಲ. ನಮ್ಮ ಮನೆಗಳಲ್ಲಿ ಎಷ್ಟು ತಲೆಮಾರುಗಳಿಂದ ಕಿವಿ ಚುಚ್ಚಿಸುತ್ತ ಬಂದಿದ್ದಾರೆ! ತೂತಿರುವ ಕಿವಿಯೊಂದಿಗೆ ಹುಟ್ಟಿದ ಮಗುವನ್ನು ನೋಡಿದ್ದೀರಾ? ಎರಡನೆಯದು, ಇಂದಿನ ಮಂಗವೇ ಮನುಷ್ಯನಾಯಿತು ಎಂಬುದು. ಅದೂ ಅಲ್ಲ. ಬಹು ಹಿಂದಿನ ಒಂದೇ ಪೂರ್ವಜರಿಂದ ಮಂಗಗಳೂ ನಾವೂ ಬೇರೆ ಬೇರೆ ಕವಲುಗಳಾಗಿ ಬಂದೆವು. ಅವು ನಮ್ಮ ಅಜ್ಜಂದಿರಲ್ಲ, ದೂರದ ದಾಯಾದಿಗಳು.

ಒಂದು ಪತ್ರ, ಇಬ್ಬರು ವಿಜ್ಞಾನಿಗಳು

ವ್ಯಾಲೇಸ್ ತನ್ನ ಲೇಖನವನ್ನು ಪತ್ರಿಕೆಗೆ ಕಳುಹಿಸಲಿಲ್ಲ. ಅಭಿಪ್ರಾಯ ಕೇಳಿ ಡಾರ್ವಿನ್‌ಗೆ ಅಂಚೆಯಲ್ಲಿ ಕಳುಹಿಸಿದ. ಅದು 1858ರ ಜೂನ್‌ನಲ್ಲಿ ಅವನ ಕೈ ಸೇರಿತು. ಓದಿದ ಡಾರ್ವಿನ್ ದಂಗಾದ. ಅದೇ ವಿಚಾರದ ಮೇಲೆ ಅವನು ಇಪ್ಪತ್ತು ವರ್ಷಗಳಿಂದ ಕೆಲಸ ಮಾಡುತ್ತಿದ್ದ! ಬೀಗಲ್ ಹಡಗಿನಲ್ಲಿ ಲೋಕ ಸುತ್ತಿ ಬಂದು, ಪಾರಿವಾಳ ಸಾಕಿ ತಳಿಗಳ ವ್ಯತ್ಯಾಸ ನೋಡಿ, ರಾಶಿ ರಾಶಿ ಸಾಕ್ಷ್ಯ ಕೂಡಿಹಾಕಿದ್ದ. 1844ರಲ್ಲೇ ಉದ್ದನೆಯ ಪ್ರಬಂಧ ಬರೆದಿಟ್ಟಿದ್ದ. ಆದರೆ ಪ್ರಕಟಿಸಿರಲಿಲ್ಲ.

ಈಗ ಏನು ಮಾಡಬೇಕು? ಸುಮ್ಮನಿದ್ದರೆ ಇಪ್ಪತ್ತು ವರ್ಷದ ದುಡಿಮೆಗೆ ಹೆಸರಿಲ್ಲ. ಅವಸರದಲ್ಲಿ ತನ್ನದನ್ನು ಮಾತ್ರ ಪ್ರಕಟಿಸಿದರೆ ನಂಬಿ ಪತ್ರ ಬರೆದವನಿಗೆ ಅನ್ಯಾಯ. ಅದೇ ಹೊತ್ತಿಗೆ ಮನೆಯಲ್ಲಿ ಮಕ್ಕಳಿಗೆ ಕಾಯಿಲೆ. ಪುಟ್ಟ ಮಗನೊಬ್ಬ ತೀರಿಕೊಂಡ. ಡಾರ್ವಿನ್ ನಿರ್ಧಾರವನ್ನು ತನ್ನ ಗೆಳೆಯರಾದ ಲಯೆಲ್ ಮತ್ತು ಹೂಕರ್ ಎಂಬ ವಿಜ್ಞಾನಿಗಳಿಗೆ ಬಿಟ್ಟ. 1858ರ ಜುಲೈ 1ರಂದು ಲಂಡನ್ನಿನ ಲಿನಿಯನ್ ಸೊಸೈಟಿಯಲ್ಲಿ ಇಬ್ಬರ ಬರಹಗಳನ್ನೂ ಒಂದೇ ಸಭೆಯಲ್ಲಿ ಓದಲಾಯಿತು. ಮೊದಲು ಡಾರ್ವಿನ್‌ನದು, ಆಮೇಲೆ ವ್ಯಾಲೇಸ್‌ನದು.

ಆಗ ವ್ಯಾಲೇಸ್ ಎಲ್ಲಿದ್ದ? ದೂರದ ನ್ಯೂಗಿನಿಯಲ್ಲಿ ಕೀಟ ಹಿಡಿಯುತ್ತಿದ್ದ. ಅವನ ಒಪ್ಪಿಗೆಯನ್ನು ಯಾರೂ ಕೇಳಿರಲಿಲ್ಲ. ಪತ್ರ ಹೋಗಿ ಬರಲು ತಿಂಗಳುಗಳೇ ಬೇಕಾಗಿದ್ದ ಕಾಲ ಅದು. ಇದು ಸರಿಯೇ? ತರಗತಿಯಲ್ಲಿ ಚರ್ಚಿಸಿ. ವಿದ್ವಾಂಸರು ಈಗಲೂ ಚರ್ಚಿಸುತ್ತಾರೆ. ವ್ಯಾಲೇಸ್ ಮಾತ್ರ ಬೇಸರಪಡಲಿಲ್ಲ. ಮುಂದಿನ ವರ್ಷ ಡಾರ್ವಿನ್‌ನ ಪ್ರಸಿದ್ಧ ಗ್ರಂಥ ಹೊರಬಂದಾಗ ಅದನ್ನು ಮೆಚ್ಚಿಕೊಂಡ. ಸಾಕ್ಷ್ಯಗಳನ್ನು ಅಷ್ಟು ತಾಳ್ಮೆಯಿಂದ ಜೋಡಿಸಲು ತನ್ನಿಂದ ಆಗುತ್ತಿರಲಿಲ್ಲ ಎಂದು ಒಪ್ಪಿಕೊಂಡ. 1889ರಲ್ಲಿ ಈ ಸಿದ್ಧಾಂತದ ಬಗ್ಗೆ ತಾನೇ ಪುಸ್ತಕ ಬರೆದಾಗ ಅದಕ್ಕೆ ಡಾರ್ವಿನಿಸಂ ಎಂದೇ ಹೆಸರಿಟ್ಟ. ಕೊನೆಯವರೆಗೂ ಇಬ್ಬರೂ ಸ್ನೇಹಿತರಾಗಿಯೇ ಉಳಿದರು.

ಕರಿಬೇವಿನ ಗಿಡದ ಚಿಟ್ಟೆ

1862ರಲ್ಲಿ ವ್ಯಾಲೇಸ್ ಎರಡು ಜೀವಂತ ಸ್ವರ್ಗಪಕ್ಷಿಗಳೊಂದಿಗೆ ಊರಿಗೆ ಮರಳಿದ. ದಾರಿಯಲ್ಲಿ ಅವಕ್ಕೆ ತಿನ್ನಿಸಲು ಜಿರಲೆ ಹುಡುಕಿದ್ದೇ ಹುಡುಕಿದ್ದು!

ಸಂಗ್ರಹವನ್ನು ಬಿಡಿಸಿ ನೋಡುವಾಗ ಅವನಿಗೆ ಒಂದು ಸೋಜಿಗ ಕಂಡಿತು. ಆ ಚಿಟ್ಟೆ ನಿಮ್ಮೂರಿನಲ್ಲೂ ಇದೆ. ಹೆಸರು ಕಾಮನ್ ಮಾರ್ಮನ್. ಕರಿಬೇವು, ನಿಂಬೆ ಗಿಡಗಳಲ್ಲಿ ಇದರ ಮರಿಹುಳುಗಳು ಸಿಗುತ್ತವೆ. ಚಿಕ್ಕದಿರುವಾಗ ಹಕ್ಕಿಯ ಹಿಕ್ಕೆಯಂತೆ, ದೊಡ್ಡದಾದಾಗ ಎಲೆಹಸಿರು. ಗಂಡು ಚಿಟ್ಟೆ ಕಪ್ಪು, ಹಿಂದಿನ ರೆಕ್ಕೆಯಲ್ಲಿ ಬಿಳಿ ಚುಕ್ಕೆಗಳ ಸಾಲು. ಹೆಣ್ಣಿನಲ್ಲಿ ಮಾತ್ರ ಹಲವು ರೂಪ. ಒಂದು ಗಂಡಿನಂತೆಯೇ. ಇನ್ನೊಂದು ಕಾಮನ್ ರೋಸ್ ಎಂಬ ಬೇರೆಯೇ ಚಿಟ್ಟೆಯಂತೆ ಕೆಂಪು ಗುರುತಿನದು. ಮತ್ತೊಂದು ಕ್ರಿಮ್ಸನ್ ರೋಸ್ ಚಿಟ್ಟೆಯಂತೆ. ಇವನ್ನು ಬೇರೆ ಬೇರೆ ಪ್ರಭೇದಗಳೆಂದೇ ಹಿಂದೆ ಎಣಿಸಿದ್ದರು. ಒಂದೇ ಪ್ರಭೇದದ ಹೆಣ್ಣುಗಳೆಂದು ವ್ಯಾಲೇಸ್ 1865ರಲ್ಲಿ ವಿವರಿಸಿದ.

ಈ ವೇಷ ಏಕೆ? ರೋಸ್ ಚಿಟ್ಟೆಗಳ ಮರಿಹುಳುಗಳು ಈಶ್ವರಿ ಬಳ್ಳಿಯ ವಿಷದ ಎಲೆ ತಿಂದು ಬೆಳೆಯುತ್ತವೆ. ಆದ್ದರಿಂದ ಚಿಟ್ಟೆಗಳೂ ರುಚಿಗೆಡುತ್ತವೆ. ಒಮ್ಮೆ ತಿಂದ ಹಕ್ಕಿ ಮತ್ತೆ ಅದರ ತಂಟೆಗೆ ಹೋಗುವುದಿಲ್ಲ. ಅದನ್ನು ಹೋಲುವ ಮಾರ್ಮನ್ ಹೆಣ್ಣನ್ನೂ ಬಿಟ್ಟುಬಿಡುತ್ತದೆ. ಇಂಥ ವೇಷವನ್ನು ಅಮೆಜಾನಿನ ಚಿಟ್ಟೆಗಳಲ್ಲಿ ಮೊದಲು ವಿವರಿಸಿದವನು ಹಳೆಯ ಗೆಳೆಯ ಬೇಟ್ಸ್. ಮರಿಹುಳುಗಳ ಬಗ್ಗೆಯೂ ಇಂಥದೇ ಪ್ರಶ್ನೆಯನ್ನು 1867ರಲ್ಲಿ ಡಾರ್ವಿನ್ ಕೇಳಿದ. ಕೆಲವು ಮರಿಹುಳುಗಳಿಗೆ ಎದ್ದುಕಾಣುವ ಬಣ್ಣ ಏಕೆ? ಅದು ಹಕ್ಕಿಗಳಿಗೆ ಎಚ್ಚರಿಕೆಯ ಫಲಕ ಎಂದು ವ್ಯಾಲೇಸ್ ಊಹಿಸಿದ. ಹಕ್ಕಿ ಸಾಕಿದ್ದವರು ಪರೀಕ್ಷಿಸಿದಾಗ ಊಹೆ ನಿಜವಾಯಿತು.

ವ್ಯತ್ಯಾಸಗಳು ಮರಿಗಳಿಗೆ ಹೇಗೆ ಬರುತ್ತವೆ ಎಂಬುದು ಡಾರ್ವಿನ್‌ಗಾಗಲಿ ವ್ಯಾಲೇಸ್‌ಗಾಗಲಿ ಅಂದು ತಿಳಿದಿರಲಿಲ್ಲ. ಜೀನ್‌ಗಳ ವಿಷಯ ಸ್ಪಷ್ಟವಾದದ್ದು ಬಹಳ ತಡವಾಗಿ. ಕಾಮನ್ ಮಾರ್ಮನ್ ಹೆಣ್ಣುಗಳ ವೇಷವನ್ನು ನಿರ್ಧರಿಸುವುದು ಡಬಲ್‌ಸೆಕ್ಸ್ ಎಂಬ ಒಂದೇ ಜೀನ್ ಎಂದು 2014ರಲ್ಲಿ ಪ್ರಕಟವಾಯಿತು. ಆ ಸಂಶೋಧನೆಯಲ್ಲಿ ಮುಖ್ಯ ಪಾತ್ರ ವಹಿಸಿದವರು ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಕೃಷ್ಣಮೇಘ ಕುಂಟೆ.

ನೈಸರ್ಗಿಕ ಆಯ್ಕೆ ಇಂದೂ ನಡೆಯುತ್ತಿದೆ. ಡಿಡಿಟಿ ಸಿಂಪಡಿಸಿದಾಗ ಹೆಚ್ಚಿನ ಸೊಳ್ಳೆಗಳು ಸತ್ತವು. ಅದನ್ನು ತಾಳಬಲ್ಲ ಕೆಲವು ಉಳಿದು ಮರಿ ಮಾಡಿದವು. ಈಗ ಎಷ್ಟೋ ಕಡೆ ಸೊಳ್ಳೆಗಳು ಡಿಡಿಟಿಗೆ ಜಗ್ಗುವುದಿಲ್ಲ.

ಕೊನೆಯ ದಿನಗಳು

ಇಷ್ಟು ಹೆಸರು ಬಂದರೂ ವ್ಯಾಲೇಸ್‌ಗೆ ಒಂದು ಖಾಯಂ ಕೆಲಸ ಸಿಗಲಿಲ್ಲ. ಕೂಡಿಟ್ಟ ಹಣವೂ ಕರಗಿತು. ಪರೀಕ್ಷೆಯ ಉತ್ತರಪತ್ರಿಕೆ ತಿದ್ದಿ, ಪುಸ್ತಕ ಬರೆದು ಸಂಸಾರ ನಡೆಸಿದ. ಆಗ ಮುಂದೆ ಬಂದವನು ಡಾರ್ವಿನ್. ಗೆಳೆಯರ ಸಹಿ ಹಾಕಿಸಿ ಸರ್ಕಾರಕ್ಕೆ ಮನವಿ ಕೊಟ್ಟ. 1881ರಿಂದ ವ್ಯಾಲೇಸ್‌ಗೆ ವರ್ಷಕ್ಕೆ 200 ಪೌಂಡು ಪಿಂಚಣಿ ಸಿಕ್ಕಿತು. ಮರುವರ್ಷ ಡಾರ್ವಿನ್ ತೀರಿಕೊಂಡಾಗ ಶವಪೆಟ್ಟಿಗೆ ಹೊತ್ತವರಲ್ಲಿ ವ್ಯಾಲೇಸ್ ಒಬ್ಬ.

ವ್ಯಾಲೇಸ್ ಎಲ್ಲದರಲ್ಲೂ ಸರಿಯಾಗಿದ್ದ ಎಂದು ತಿಳಿಯಬೇಡಿ. ಮನುಷ್ಯನ ಬುದ್ಧಿಗೆ ನೈಸರ್ಗಿಕ ಆಯ್ಕೆ ಕಾರಣವಲ್ಲ ಎಂದು ಅವನು ಹಟ ಹಿಡಿದ. ಸತ್ತವರ ಆತ್ಮಗಳೊಡನೆ ಮಾತಾಡಬಹುದು ಎಂದು ನಂಬಿದ. ಸಿಡುಬಿನ ಲಸಿಕೆಯನ್ನು ವಿರೋಧಿಸಿದ. ಆ ಲಸಿಕೆಯಿಂದಲೇ ಮುಂದೆ ಜಗತ್ತಿನಿಂದ ಸಿಡುಬು ತೊಲಗಿತು. ದೊಡ್ಡ ವಿಜ್ಞಾನಿ ಹೇಳಿದ ಮಾತನ್ನೂ ಸಾಕ್ಷ್ಯದ ತಕ್ಕಡಿಯಲ್ಲಿ ತೂಗಬೇಕು.

1913ರ ನವೆಂಬರ್ 7ರಂದು, 90ನೆಯ ವಯಸ್ಸಿನಲ್ಲಿ, ವ್ಯಾಲೇಸ್ ನಿಧನನಾದ.

ನೀವೇ ಮಾಡಿ ನೋಡಿ

ಹಸಿರು ಮತ್ತು ಬಿಳಿ ಕಾಗದದ ತಲಾ 20 ಚಿಕ್ಕ ಚೂರುಗಳನ್ನು ಶಾಲೆಯ ಹುಲ್ಲಿನ ಮೇಲೆ ಹರಡಿ. ಇವು ಮಿಡತೆಗಳು. ಗೆಳೆಯರಿಬ್ಬರು ಹಕ್ಕಿಗಳಾಗಲಿ. ಕಣ್ಣಿಗೆ ಬಿದ್ದ ಚೂರುಗಳನ್ನು ಒಂದೊಂದಾಗಿ ಹೆಕ್ಕಲಿ. 20 ಚೂರು ಸಿಕ್ಕ ಕೂಡಲೇ ನಿಲ್ಲಿಸಿ. ಹುಲ್ಲಿನಲ್ಲಿ ಉಳಿದ ಹಸಿರು ಎಷ್ಟು, ಬಿಳಿ ಎಷ್ಟು ಎಂದು ಲೆಕ್ಕ ಮಾಡಿ. ಪ್ರತಿ ಚೂರಿಗೂ ಅದೇ ಬಣ್ಣದ ಒಂದು ಮರಿ ಸೇರಿಸಿ. ಮತ್ತೆ 40 ಆಯಿತಲ್ಲ? ಹೀಗೆ ನಾಲ್ಕು ಸಲ ಆಡಿ, ಪ್ರತಿ ಸಲದ ಲೆಕ್ಕವನ್ನು ಪಟ್ಟಿ ಮಾಡಿ. ಆಮೇಲೆ ಇದೇ ಆಟವನ್ನು ಬಿಳಿ ಸುಣ್ಣ ಬಳಿದ ಕಟ್ಟೆಯ ಮೇಲೆ ಆಡಿ. ಏನು ಬದಲಾಯಿತು, ಏಕೆ? ಆಟ ಮುಗಿದ ಮೇಲೆ ಎಲ್ಲ ಚೂರುಗಳನ್ನೂ ಆರಿಸಿ ಕಸದ ಬುಟ್ಟಿಗೆ ಹಾಕುವುದನ್ನು ಮರೆಯಬೇಡಿ.